ಹಿಮದಡಿಯ ನೀರನ್ನು ಊಹಿಸಿದ ಕ್ರೊಪಾಟ್ಕಿನ್

ಕೆರೆಯೆಂದೊಡನೆ ಕುಣಿಗಲ್ ಸೀಮೆಯವರಾದ ನಮಗೆ ಏರಿ, ತೂಬು, ಕೋಡಿಗಳು ಕಣ್ಣಮುಂದೆ ನಿಲ್ಲುತ್ತವೆ. ನನ್ನ ಊರಾದ ಕೊತ್ತಗೆರೆಯ ಹೆಸರಿನಲ್ಲಿಯೇ ಕೆರೆ ಸೇರಿಕೊಂಡಿದೆ. ಆದರೆ ಏರಿಯೂ ತೂಬೂ ಇಲ್ಲದ, ಸೂರ್ಯನ ಬೆಳಕನ್ನೇ ಕಾಣದ, ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆಯ ಕೆಳಗೆ ಹುದುಗಿರುವ ಕೆರೆಗಳೂ ಈ ಭೂಮಿಯಲ್ಲಿವೆ. ಅಂಟಾರ್ಕ್ಟಿಕ ಖಂಡವೊಂದರಲ್ಲಿಯೇ ಇಂಥ 600ಕ್ಕೂ ಹೆಚ್ಚು ಸರೋವರಗಳನ್ನು ವಿಜ್ಞಾನಿಗಳು ಇದುವರೆಗೆ ಗುರುತಿಸಿದ್ದಾರೆ. ಇವುಗಳ ಸುಳಿವು ಯಾರಿಗೂ ಸಿಗುವ ಮೊದಲೇ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮಹಾಹಿಮರಾಶಿಗಳ ಬುಡದಲ್ಲಿ ನೀರಿರಬಹುದೆಂದು ತರ್ಕಿಸಿದವನು ರಷ್ಯದ ಪೀಟರ್ ಕ್ರೊಪಾಟ್ಕಿನ್. ರಾಜ್ಯಶಾಸ್ತ್ರದ ತರಗತಿಯಲ್ಲಿ ಅರಾಜಕತಾವಾದದ ಪ್ರತಿಪಾದಕನೆಂದು ನಾವು ಓದುವ ಕ್ರೊಪಾಟ್ಕಿನ್ ಇವನೇ. ಅವನ ಜೀವನವನ್ನು ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕ್ರೊಪಾಟ್ಕಿನ್ ಹುಟ್ಟಿದ್ದು 1842ರಲ್ಲಿ, ಮಾಸ್ಕೋ ನಗರದ ರಾಜವಂಶವೊಂದರಲ್ಲಿ. ಅವನ ತಂದೆಗೆ ಸಾವಿರಕ್ಕೂ ಮಿಕ್ಕ ಜೀತದಾಳುಗಳಿದ್ದರು. ಅವರ ಪಾಡನ್ನು ಕಣ್ಣಾರೆ ಕಂಡು ಬೆಳೆದ ಬಾಲಕನು ಹನ್ನೆರಡನೆಯ ವಯಸ್ಸಿನಲ್ಲಿಯೇ ತನ್ನ ಹೆಸರಿನ ಹಿಂದಿದ್ದ ರಾಜಕುಮಾರನೆಂಬ ಬಿರುದನ್ನು ಬಿಟ್ಟುಬಿಟ್ಟನು. ಪೀಟರ್ಸ್‌ಬರ್ಗಿನಲ್ಲಿ ಚಕ್ರವರ್ತಿಯ ಸೇವೆಗೆ ತರುಣರನ್ನು ಅಣಿಗೊಳಿಸುತ್ತಿದ್ದ ಶಾಲೆಯಲ್ಲಿ ಓದಿ, 1862ರಲ್ಲಿ ಅಲ್ಲಿಂದ ಹೊರಬಂದಾಗ, ತನಗೆ ಬೇಕಾದ ಸೈನ್ಯದಳವನ್ನು ಆರಿಸಿಕೊಳ್ಳುವ ಅವಕಾಶ ಅವನಿಗಿತ್ತು. ಅರಮನೆಯ ನೆರಳನ್ನು ಬಿಟ್ಟು ಅವನು ಆರಿಸಿಕೊಂಡದ್ದು ಸೈಬೀರಿಯವನ್ನು! ಐದು ವರ್ಷ ಅಲ್ಲಿ ಕಾಡುಮೇಡುಗಳನ್ನು ಅಲೆದನು. 1864ರಲ್ಲಿ ಮಂಚೂರಿಯವನ್ನು ದಾಟಿದನು. 1866ರಲ್ಲಿ ಒಲೆಕ್ಮ ಮತ್ತು ವಿಟಿಮ್ ನದಿಗಳ ನಡುವಣ ಬೆಟ್ಟಸಾಲುಗಳಲ್ಲಿ ಪುರಾತನ ಹಿಮನದಿಗಳು ಉಜ್ಜಿಹೋದ ಗುರುತುಗಳನ್ನು ಕಂಡನು. ಮುಂದೆ, ಸ್ಪಿಟ್ಸ್‌ಬರ್ಗನ್ ಮತ್ತು ನೋವಾಯ ಜೆಮ್ಲ್ಯಗಳ ನಡುವೆ ಉತ್ತರದಲ್ಲಿ ಯಾರೂ ಕಾಣದ ನೆಲವೊಂದಿರಬೇಕೆಂದು ವರದಿಯೊಂದರಲ್ಲಿ ಸೂಚಿಸಿದನು. 1873ರಲ್ಲಿ ಆಸ್ಟ್ರಿಯ-ಹಂಗರಿಯ ನಾವಿಕರು ಆ ಕಡೆಯಲ್ಲಿಯೇ ಫ್ರಾಂಜ್ ಜೋಸೆಫ್ ಭೂಮಿಯನ್ನು ಕಂಡರು.

1871ರಲ್ಲಿ ರಷ್ಯದ ಭೌಗೋಳಿಕ ಸಂಘದ ಪರವಾಗಿ ಅವನು ಫಿನ್‌ಲೆಂಡಿನಲ್ಲಿ ಹಿಮಯುಗದ ಅವಶೇಷಗಳನ್ನು ಪರೀಕ್ಷಿಸುತ್ತಿದ್ದನು. ಆಗ ಆ ಸಂಘದ ಕಾರ್ಯದರ್ಶಿಯಾಗಬೇಕೆಂದು ತಂತಿ ಬಂದಿತು. ವಿದ್ವಾಂಸನೊಬ್ಬನು ಹಾರೈಸಬಹುದಾದ ಪದವಿ ಅದು. ಆದರೆ ಅವನು ಒಪ್ಪಲಿಲ್ಲ. ಒಂದು ತುತ್ತು ರೊಟ್ಟಿಗೆ ಪರದಾಡುವ ರೈತರ ನಡುವೆ ವಿದ್ಯೆಯ ಸುಖವನ್ನು ತಾನೊಬ್ಬನೇ ಸವಿಯುವುದು ಸರಿಯೇ ಎಂಬ ಪ್ರಶ್ನೆ ಅವನನ್ನು ಬಾಧಿಸಿತು. ಪದವೀಧರರಾಗಿ ಹೊರಡಲಿರುವ ನಮ್ಮನ್ನೂ ಈ ಪ್ರಶ್ನೆ ಬಾಧಿಸಬೇಕಲ್ಲವೆ?

1874ರಲ್ಲಿ ಅದೇ ಸಂಘದಲ್ಲಿ ಹಿಮಯುಗವನ್ನು ಕುರಿತು ಉಪನ್ಯಾಸ ಮಾಡಿದ ಬೆನ್ನಲ್ಲೇ ಅವನ ಬಂಧನವಾಯಿತು. ಕೆಲಸಗಾರರಿಗೆ ಗುಟ್ಟಾಗಿ ಕ್ರಾಂತಿಯ ಪಾಠ ಹೇಳುತ್ತಿದ್ದುದೇ ಅಪರಾಧ. ಪೀಟರ್-ಪಾಲ್ ಕೋಟೆಯ ಕತ್ತಲೆಕೋಣೆಯಲ್ಲಿಯೂ ಬರೆಯಲು ಅನುಮತಿ ದೊರೆತು, ಅವನ ಹಿಮಯುಗದ ಗ್ರಂಥದ ಮೊದಲ ಸಂಪುಟ 1876ರಲ್ಲಿ ಅಚ್ಚಾಯಿತು. ಅದೇ ವರ್ಷ, ಕಾಯಿಲೆಯಿಂದ ಸೈನಿಕ ಆಸ್ಪತ್ರೆಗೆ ಸಾಗಿಸಲ್ಪಟ್ಟಿದ್ದ ಅವನು, ಎದುರುಮನೆಯಿಂದ ಬಂದ ಪಿಟೀಲಿನ ನಾದವನ್ನೇ ಸಂಕೇತವಾಗಿ ತಿಳಿದು, ಅಂಗಳದಿಂದ ಓಡಿ, ಕಾದಿದ್ದ ಕುದುರೆಗಾಡಿಯನ್ನೇರಿ ಪಾರಾದನು. ಮುಂದಿನ ನಲವತ್ತು ವರ್ಷಗಳು ಪರದೇಶವಾಸದಲ್ಲಿಯೇ ಕಳೆದವು. ಅದರಲ್ಲಿ ಮೂರು ವರ್ಷ ಫ್ರಾನ್ಸಿನ ಸೆರೆಮನೆಯಲ್ಲಿ.

ಹಿಮದಡಿಯ ನೀರಿನ ವಿಚಾರದಲ್ಲಿ ಅವನ ತರ್ಕ ಸರಳವಾದದ್ದು. ಒತ್ತಡ ಹೆಚ್ಚಿದಂತೆ ಮಂಜು ಕರಗುವ ಉಷ್ಣಾಂಶ ಇಳಿಯುತ್ತದೆ. ಸಾವಿರಾರು ಮೀಟರು ಹಿಮದ ಭಾರ ಬುಡದ ಮೇಲೆ ಬಿದ್ದರೆ, ಅಲ್ಲಿ ಸೊನ್ನೆಗಿಂತ ಕಡಮೆ ಶಾಖದಲ್ಲಿಯೂ ಮಂಜು ನೀರಾಗಬಲ್ಲದು. ಇದರೊಡನೆ ಇನ್ನೆರಡು ಕಾರಣಗಳು ಸೇರುವುದನ್ನು ಇಂದು ನಾವು ಬಲ್ಲೆವು: ಭೂಗರ್ಭದಿಂದ ಸದಾ ಶಾಖ ಮೇಲಕ್ಕೆ ಬರುತ್ತಿರುತ್ತದೆ, ಮೇಲಿನ ಹಿಮವು ಕುರಿಗಂಬಳಿಯಂತೆ ಹೊದ್ದುಕೊಂಡು ಆ ಶಾಖವನ್ನು ತಡೆಹಿಡಿಯುತ್ತದೆ.

ಈ ಊಹೆ ನಿಜವಾದುದನ್ನು ನೋಡಲು ಕ್ರೊಪಾಟ್ಕಿನ್ ಬದುಕಿರಲಿಲ್ಲ. ಸೋವಿಯತ್ ವಿಜ್ಞಾನಿಗಳು 1957ರಲ್ಲಿ ಅಂಟಾರ್ಕ್ಟಿಕದಲ್ಲಿ ವೊಸ್ಟೋಕ್ ಠಾಣ್ಯವನ್ನು ಸ್ಥಾಪಿಸಿದರು. 1983ರ ಜುಲೈ 21ರಂದು ಸೊನ್ನೆಗಿಂತ 89.2 ಡಿಗ್ರಿ ಕೆಳಗಿನ ಚಳಿ ದಾಖಲಾದ ಸ್ಥಳವದು. ಅದರ ಅಡಿಯಲ್ಲಿಯೇ ಸುಮಾರು 250 ಕಿಲೋಮೀಟರು ಉದ್ದ, 50 ಕಿಲೋಮೀಟರು ಅಗಲದ ಸರೋವರವಿದೆಯೆಂಬುದು ಭೂಕಂಪನ ಅಲೆಗಳು, ರೇಡಿಯೋ ಅಲೆಗಳು, ಉಪಗ್ರಹಗಳ ಅಳತೆಗಳಿಂದ ದೃಢಪಟ್ಟು 1996ರಲ್ಲಿ ಪ್ರಕಟವಾಯಿತು. 2012ರ ಫೆಬ್ರವರಿಯಲ್ಲಿ ರಷ್ಯನರ ಕೊಳವೆ ಸುಮಾರು 3,769 ಮೀಟರು ಕೊರೆದು ನೀರನ್ನು ಮುಟ್ಟಿತು. ಮರುವರ್ಷ ಅಮೆರಿಕದವರು ಬೇರೊಂದು ಸರೋವರವಾದ ವಿಲ್ಲನ್ಸ್‌ನಿಂದ ನೀರನ್ನು ತೆಗೆದು, ಅದರಲ್ಲಿ ಸೂಕ್ಷ್ಮಜೀವಿಗಳು ಬಾಳುತ್ತಿರುವುದನ್ನು ಕಂಡರು.

ಇದು ಕೇವಲ ಕೌತುಕದ ಸಂಗತಿಯಲ್ಲ. ಬುಡದ ನೀರು ಹಿಮವನ್ನು ಜಾರಿಸಿ ಕಡಲಿನತ್ತ ಸಾಗಿಸುತ್ತದೆ. ಅಂಟಾರ್ಕ್ಟಿಕದ ಹಿಮವೆಲ್ಲ ಕರಗಿದರೆ ಸಮುದ್ರಮಟ್ಟ ಸುಮಾರು 58 ಮೀಟರು ಏರಬಲ್ಲದು. ಅದೆಲ್ಲ ಒಮ್ಮೆಗೇ ಆಗುವಂಥದಲ್ಲ. ಆದರೂ ಅದರ ಅತ್ಯಲ್ಪ ಭಾಗವೇ ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯ ಮೀನುಗಾರನ ಮನೆಯಂಗಳಕ್ಕೆ ಬರಲು ಸಾಕು. ಆದುದರಿಂದ ಆ ಕಾಣದ ನೀರಿನ ಲೆಕ್ಕ ನಮಗೂ ಸೇರಿದ್ದು.

ಸೈಬೀರಿಯದ ಕಡುಚಳಿಯಲ್ಲಿ ಪ್ರಾಣಿಗಳು ಪರಸ್ಪರ ಕಾದಾಡುವುದಕ್ಕಿಂತ ಹೆಚ್ಚಾಗಿ ಒಂದಕ್ಕೊಂದು ನೆರವಾಗಿ ಉಳಿಯುವುದನ್ನು ಕ್ರೊಪಾಟ್ಕಿನ್ ಗಮನಿಸಿದ್ದನು. ಅದರಿಂದ ಬೆಳೆದದ್ದೇ 1902ರಲ್ಲಿ ಪ್ರಕಟವಾದ ಪರಸ್ಪರ ಸಹಾಯವನ್ನು ಕುರಿತ ಅವನ ಪ್ರಸಿದ್ಧ ಗ್ರಂಥ. ನಾಟಿಗೆ ಮುಯ್ಯಾಳಾಗಿ ಹೋಗಿ ಬಂದ ನಮ್ಮ ಹಳ್ಳಿಗರಿಗೆ ಆ ತತ್ತ್ವವನ್ನು ವಿವರಿಸಬೇಕಾದುದೇ ಇಲ್ಲ. ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ನಡುವೆ ದುಡ್ಡಿಲ್ಲ, ದೊರೆಯಿಲ್ಲ.

1917ರಲ್ಲಿ ಅವನು ಸ್ವದೇಶಕ್ಕೆ ಮರಳಿದನು. ಕೆರೆನ್‌ಸ್ಕಿಯ ಸರಕಾರ ನೀಡಬಂದ ಮಂತ್ರಿಪದವಿಯನ್ನು ನಿರಾಕರಿಸಿದನು. ಬಳಿಕ ಅಧಿಕಾರಕ್ಕೆ ಬಂದ ಲೆನಿನ್ನನಿಗೂ ತನಗೆ ತಪ್ಪೆಂದು ಕಂಡದ್ದನ್ನು ನೇರವಾಗಿ ಬರೆದು ತಿಳಿಸಿದನು. 1921ರ ಫೆಬ್ರವರಿ 8ರಂದು ಡಿಮಿಟ್ರೋವ್ ಎಂಬ ಸಣ್ಣ ಪಟ್ಟಣದಲ್ಲಿ ತೀರಿಕೊಂಡನು.

ನಾವು ಕಲಾವಿಭಾಗದವರು, ವಿಜ್ಞಾನ ನಮಗೇಕೆ ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಕ್ರೊಪಾಟ್ಕಿನ್ ಅಂಥ ಗೋಡೆಯನ್ನು ಒಪ್ಪಲಿಲ್ಲ. ಬಂಡೆಯ ಮೇಲಿನ ಗೀರನ್ನು ಓದಿದ ಕಣ್ಣಿನಿಂದಲೇ ಅವನು ರೈತನ ಮುಖವನ್ನೂ ಓದಿದನು. ಮೇಲೆ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರ ಅಡಿಯಲ್ಲಿ ಏನಿದೆಯೆಂದು ಕೇಳುವ ಅಭ್ಯಾಸವನ್ನು ನಾವೂ ಬೆಳೆಸಿಕೊಂಡರೆ, ಈ ಕಾಲೇಜಿನಲ್ಲಿ ಕಳೆದ ವರ್ಷಗಳು ಸಾರ್ಥಕವಾದಾವು.