ಪೇಂಟರ್‌ಗಳು ಬೆಲ್ಲ ತಿಂದರೆ ಶ್ವಾಸಕೋಶ ಶುದ್ಧವಾಗುತ್ತದೆಯೇ? 300 ವರ್ಷ ಹಿಂದಿನ ವೈದ್ಯರೊಬ್ಬರ ಕಥೆ

ಕಾರಿಗೆ ಬಣ್ಣ ಹೊಡೆಯುವವರು ಸಂಜೆ ಒಂದು ತುಂಡು ಬೆಲ್ಲ ತಿಂದು ಹಾಲು ಕುಡಿದರೆ ಒಳಗೆ ಹೋದ ಪೇಂಟ್ ಎಲ್ಲ ಹೊರಬರುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? ಉತ್ತರಕ್ಕೆ ಮೊದಲು, ಕೆಲಸಕ್ಕೂ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟ ವೈದ್ಯರೊಬ್ಬರ ಬಗ್ಗೆ ತಿಳಿಯೋಣ.

ಯಾರು ಈ ರಾಮಝಿನಿ?

ಬರ್ನಾರ್ಡಿನೊ ರಾಮಝಿನಿ ಹುಟ್ಟಿದ್ದು 1633ರಲ್ಲಿ, ಇಟಲಿಯ ಕಾರ್ಪಿ ಎಂಬ ಊರಿನಲ್ಲಿ. ಪಾರ್ಮಾದಲ್ಲಿ ವೈದ್ಯಕೀಯ ಓದಿ, ಮುಂದೆ ಮೊಡೆನಾದಲ್ಲಿ ಪ್ರಾಧ್ಯಾಪಕರಾದರು.

ಒಮ್ಮೆ ಅವರ ಮನೆಯ ಮಲದ ಗುಂಡಿ ಸ್ವಚ್ಛ ಮಾಡಲು ಬಂದವನೊಬ್ಬ ಒಂದೇ ಸಮನೆ ಗಡಿಬಿಡಿಯಿಂದ ಕೆಲಸ ಮಾಡುತ್ತಿದ್ದ. ಯಾಕಿಷ್ಟು ಅವಸರ ಎಂದು ರಾಮಝಿನಿ ವಿಚಾರಿಸಿದರು. ಹೆಚ್ಚು ಹೊತ್ತು ಅಲ್ಲಿದ್ದರೆ ಕಣ್ಣು ಉರಿದು, ಕೊನೆಗೆ ದೃಷ್ಟಿಯೇ ಹೋಗುತ್ತದೆ ಎಂಬುದು ಅವನ ಉತ್ತರವಾಗಿತ್ತು. ಆ ಮಾತು ರಾಮಝಿನಿಯವರನ್ನು ಬಿಡಲಿಲ್ಲ. ಅವರು ಕೆಲಸದ ಜಾಗಗಳಿಗೇ ಹೋಗಿ ಕಾರ್ಮಿಕರನ್ನು ಮಾತನಾಡಿಸತೊಡಗಿದರು.

1700ರಲ್ಲಿ ಕಾರ್ಮಿಕರ ಕಾಯಿಲೆಗಳ ಬಗ್ಗೆ ಅವರ ಪುಸ್ತಕ ಬಂತು. 40ಕ್ಕೂ ಹೆಚ್ಚು ಕಸುಬುಗಳು ಅದರಲ್ಲಿದ್ದವು. ಚಿತ್ರಕಾರರ ಅನಾರೋಗ್ಯಕ್ಕೆ ಬಣ್ಣದಲ್ಲಿರುವ ಸೀಸ, ಪಾದರಸದಂಥ ವಸ್ತುಗಳೇ ಕಾರಣ ಎಂದು ಅವರು ಆಗಲೇ ಗುರುತಿಸಿದ್ದರು. ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ ಇನ್ನೊಂದನ್ನು ಸೇರಿಸಬೇಕು ಎಂದರು: ನೀವು ಏನು ಕೆಲಸ ಮಾಡುತ್ತೀರಿ?

ಅದೇ ವರ್ಷ ಪಡುವಾ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಮುಪ್ಪಿನಲ್ಲಿ ಅವರ ಕಣ್ಣೇ ಮಂಜಾಯಿತು. ಆದರೂ 1713ರಲ್ಲಿ ಇನ್ನಷ್ಟು ಕಸುಬುಗಳನ್ನು ಸೇರಿಸಿ ಪುಸ್ತಕವನ್ನು ಮತ್ತೆ ತಂದರು. 1714ರ ನವೆಂಬರ್‌ನಲ್ಲಿ ತೀರಿಕೊಂಡರು.

ಹಂಪನಕಟ್ಟೆಗೆ ಏನು ಸಂಬಂಧ?

ಮಂಗಳೂರಿನ ಗ್ಯಾರೇಜಿನ ಪೇಂಟರ್ ಒಬ್ಬರು ಉಬ್ಬಸ ಎಂದು ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆಗೆ ಬಂದರು ಎಂದುಕೊಳ್ಳಿ. ರಾಮಝಿನಿಯವರ ಆ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದು ಬರೀ ಉಬ್ಬಸವಾಗಿಯೇ ಉಳಿಯುತ್ತದೆ. ಕಾರಿನ ಪೇಂಟಿಗೆ ಬೆರೆಸುವ ಹಲವು ಹಾರ್ಡನರ್‌ಗಳಲ್ಲಿ ಐಸೋಸಯನೇಟ್ ಇರುತ್ತದೆ. ಅದರಿಂದ ಅಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಅದು ಒಗ್ಗದಂತಾದರೆ, ಮುಂದೆ ಸ್ವಲ್ಪ ತಾಗಿದರೂ ಉಸಿರು ಕಟ್ಟಬಹುದು.

ಹಾಗಾದರೆ ಬೆಲ್ಲ, ಹಾಲು?

ತಿಂದದ್ದು ಹೊಟ್ಟೆಗೆ ಹೋಗುತ್ತದೆ, ಪೇಂಟಿನ ಆವಿ ಶ್ವಾಸಕೋಶಕ್ಕೆ. ಬೆಲ್ಲದ ಬಗ್ಗೆ 1994ರಲ್ಲಿ ಲಕ್ನೋದ ವಿಜ್ಞಾನಿಗಳ ಪ್ರಯೋಗವೊಂದು ಪ್ರಕಟವಾಗಿದೆ, ನಿಜ. ಆದರೆ ಅದು ಧೂಳಿನ ಬಗ್ಗೆ, ಇಲಿಗಳ ಮೇಲೆ ನಡೆದದ್ದು. ಪೇಂಟಿನ ಆವಿಯಿಂದ ಮನುಷ್ಯರನ್ನು ಬೆಲ್ಲ ಕಾಪಾಡುತ್ತದೆ ಎಂಬುದಕ್ಕೆ ಅದು ಪುರಾವೆಯಲ್ಲ.

ಕಾಪಾಡುವುದು ಯಾವುದು?

• ಕರ್ಚೀಫು, ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ತಿನ್ನರ್‌ನಂಥವುಗಳ ಆವಿಗೆ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಹಾರ್ಡನರ್ ಬೆರೆಸಿ ಸ್ಪ್ರೇ ಮಾಡುವಾಗ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಹೆಚ್ಚು ಸುರಕ್ಷಿತ.
• ವಾಸನೆ ಬರಲಿಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ.
• ಗಾಳಿ ಹೊರಗೆಳೆಯುವ ಫ್ಯಾನ್ ಮತ್ತು ಫಿಲ್ಟರ್ ಇರುವ ಬೂತ್‌ನಲ್ಲೇ ಸ್ಪ್ರೇ ಮಾಡಿ. ಕೈಗವಸು, ಕನ್ನಡಕ ಧರಿಸಿ.
• ಉಳಿದ ತಿನ್ನರನ್ನು ತೋಡಿಗೆ ಚೆಲ್ಲಬೇಡಿ. ಮಳೆ ಬಂದರೆ ತೋಡಿನ ನೀರು ನದಿ ಸೇರುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಬೇರೆಯಾಗಿಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೆ ಕೊಡಿ.

ಬೆಲ್ಲ ತಿನ್ನಿ, ತಪ್ಪಿಲ್ಲ. ಆದರೆ ಅದನ್ನೇ ನಂಬಿ ಮಾಸ್ಕ್ ಬಿಡಬೇಡಿ. ಕೆಮ್ಮು, ಉಬ್ಬಸ ಇದ್ದರೆ ವೈದ್ಯರು ಕೇಳದಿದ್ದರೂ ನಿಮ್ಮ ಕೆಲಸ ಏನೆಂದು ನೀವೇ ಹೇಳಿ. ನಿಮಗೆ ಗೊತ್ತಿರುವ ಪೇಂಟರ್ ಒಬ್ಬರಿಗೆ ಇದನ್ನು ಕಳುಹಿಸಿ.