ಜೈಲು ಕಂಡವರೇ ದಾರಿ ತೋರಿದರು

ವಿನೋಬಾ ಭಾವೆ ಎಂದರೆ ನಮ್ಮ ವಯಸ್ಸಿನವರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆ. ಭೂದಾನ ಶುರುವಾದದ್ದು ಎಲ್ಲಿ? ಪೋಚಂಪಲ್ಲಿ, 1951. ಆಗ ಆ ಊರೂ ನಮ್ಮ ರಾಯಚೂರು ಜಿಲ್ಲೆಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಪೋತ್ನಾಳದಲ್ಲಿ ಕುಳಿತು ಪರೀಕ್ಷೆಗೆ ಓದುತ್ತಿರುವ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವರ ಬದುಕಿನ ಇನ್ನೊಂದು ಅಧ್ಯಾಯ. ಅದು ಜೈಲಿನದು.

1895ರ ಸೆಪ್ಟೆಂಬರ್ 11ರಂದು ಮಹಾರಾಷ್ಟ್ರದ ಗಾಗೋದೆಯಲ್ಲಿ ವಿನೋಬಾ ಹುಟ್ಟಿದರು. ತಾಯಿ ರುಕ್ಮಿಣಿದೇವಿ ಕರ್ನಾಟಕ ಮೂಲದವರು. 1916ರಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಗೆಂದು ಮುಂಬೈಗೆ ಹೊರಟ ಹುಡುಗ ನಡುದಾರಿಯಲ್ಲೇ ಕಾಶಿಯ ಕಡೆ ತಿರುಗಿದ. ಅದೇ ವರ್ಷ ಅಹಮದಾಬಾದಿನಲ್ಲಿ ಗಾಂಧೀಜಿಯ ಆಶ್ರಮ ಸೇರಿದ.

ಮುಂದೆ ಜೈಲು ಅವರಿಗೆ ಎರಡನೇ ಮನೆಯಾಯಿತು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕಾಗಿ ಮೊದಲ ಸೆರೆ. 1932ರಲ್ಲಿ ಧುಳೆ ಜೈಲು. ಅಲ್ಲಿ ಫೆಬ್ರುವರಿಯಿಂದ ಜೂನ್‌ವರೆಗೆ ಪ್ರತಿ ಭಾನುವಾರ ಕೈದಿಗಳನ್ನು ಕೂಡಿಸಿಕೊಂಡು ಮರಾಠಿಯಲ್ಲಿ ಗೀತೆಯ ಹದಿನೆಂಟೂ ಅಧ್ಯಾಯ ವಿವರಿಸಿದರು. ಜೊತೆ ಕೈದಿ ಸಾನೆ ಗುರೂಜಿ ಅದನ್ನು ಬರೆದಿಟ್ಟುಕೊಂಡರು. 1942ರ ಚಳವಳಿಯಲ್ಲಿ ಮತ್ತೆ ಬಂಧನವಾದಾಗ ವೆಲ್ಲೂರು ಜೈಲಿನಲ್ಲಿ ಕನ್ನಡವೂ ಸೇರಿ ದಕ್ಷಿಣದ ನಾಲ್ಕು ಭಾಷೆ ಕಲಿತರು. ಸೆರೆಯ ದಿನಗಳನ್ನು ಓದು, ಕಲಿಕೆಗೆ ಬಳಸಬಹುದು ಎಂಬುದನ್ನು ಅವರು ಬದುಕಿ ತೋರಿಸಿದ್ದರು.

ಈ ಅನುಭವ ಫಲ ಕೊಟ್ಟದ್ದು 1960ರಲ್ಲಿ, ಚಂಬಲ್ ಕಣಿವೆಯಲ್ಲಿ. ಕುಖ್ಯಾತ ಡಕಾಯಿತ ಮಾನ್ ಸಿಂಗ್‌ನ ಮಗ ತಹಸೀಲ್ದಾರ್ ಸಿಂಗ್ ಗಲ್ಲುಶಿಕ್ಷೆಗೆ ಗುರಿಯಾಗಿ ಜೈಲಿನಲ್ಲಿದ್ದ. ಕಣಿವೆಗೆ ಬರಬೇಕೆಂದು ಕೋರಿ ಅವನು ವಿನೋಬಾರಿಗೆ ಪತ್ರ ಬರೆದ. ಅವರು ಪೊಲೀಸರ ಕಾವಲಿಲ್ಲದೆ ನಡೆದುಕೊಂಡೇ ಹೋದರು. ಮೇ ತಿಂಗಳಲ್ಲಿ ಇಪ್ಪತ್ತು ಮಂದಿ ಬಂದೂಕು ಕೆಳಗಿಟ್ಟರು. ಅವರಲ್ಲಿ ಲುಕ್ಕಾ ಎಂದೇ ಹೆಸರಾಗಿದ್ದ ಲೋಕಮನ್ ದೀಕ್ಷಿತ್ ಕೂಡ ಇದ್ದ. ಕ್ಷಮಾದಾನದ ಭರವಸೆಯನ್ನೇನೂ ವಿನೋಬಾ ಕೊಟ್ಟಿರಲಿಲ್ಲ. ಶರಣಾದವರು ನ್ಯಾಯಾಲಯ ಎದುರಿಸಲೇಬೇಕಿತ್ತು. ಕೊಲೆಗಾರರನ್ನು ಹೀರೊ ಮಾಡುತ್ತಿದ್ದಾರೆ ಎಂದು ಪೊಲೀಸ್ ಅಧಿಕಾರಿಗಳು ಸಿಟ್ಟಾದರು. ಆ ಸಿಟ್ಟಿಗೂ ಅರ್ಥವಿತ್ತು. ಡಕಾಯಿತರ ಗುಂಡಿಗೆ ಪ್ರಾಣ ತೆತ್ತವರ ಮನೆಗಳೂ ಅದೇ ಕಣಿವೆಯಲ್ಲಿದ್ದವು.

ಹನ್ನೆರಡು ವರ್ಷದ ನಂತರ ಏನಾಯಿತು ನೋಡಿ. ತಹಸೀಲ್ದಾರ್ ಸಿಂಗ್‌ನ ಗಲ್ಲುಶಿಕ್ಷೆ ಜೀವಾವಧಿಗೆ ಇಳಿದಿತ್ತು. ಜೈಲಿನಿಂದ ಹೊರಬಂದ ಅವನೂ ಲೋಕಮನ್‌ನೂ ಕಣಿವೆಯೊಳಗೆ ಅಲೆದು ಹಳೆಯ ಕಸುಬಿನವರ ಮನವೊಲಿಸಿದರು. ಪೊಲೀಸರ ಮಾತು ನಂಬದವರು ಶಿಕ್ಷೆ ಮುಗಿಸಿ ಬಂದವರ ಮಾತು ನಂಬಿದರು. 1972ರ ಏಪ್ರಿಲ್‌ನಲ್ಲಿ ಜೌರಾದಲ್ಲಿ ಜಯಪ್ರಕಾಶ್ ನಾರಾಯಣರ ಮುಂದೆ ಮೊಹರ್ ಸಿಂಗ್, ಮಾಧೋ ಸಿಂಗ್ ತಂಡಗಳು ಶರಣಾದವು. ಜೆಪಿ ಕೂಡ ಜೈಲು ಕಂಡವರೇ. ಜೌರಾದ ಗಾಂಧಿ ಆಶ್ರಮ ಕಟ್ಟಿದ್ದು ಬೆಂಗಳೂರಿನ ಎಸ್.ಎನ್. ಸುಬ್ಬರಾವ್. ಅವರು 1942ರಲ್ಲಿ ಹದಿಮೂರರ ವಯಸ್ಸಿಗೇ ಬಂಧನಕ್ಕೊಳಗಾಗಿದ್ದ ಕನ್ನಡಿಗ! ಶರಣಾದವರಿಗಾಗಿ ಮಧ್ಯಪ್ರದೇಶದ ಮುಂಗಾವಲಿಯಲ್ಲಿ ಬಯಲು ಬಂದೀಖಾನೆಯೂ ಆರಂಭವಾಯಿತು.

1982ರ ನವೆಂಬರ್ 15ರಂದು ವಿನೋಬಾ ಪವನಾರದಲ್ಲಿ ತೀರಿಕೊಂಡರು. ಮರುವರ್ಷ ಭಾರತರತ್ನ ಬಂತು.

ನಮ್ಮ ಕಡೆ ಜೈಲಿನಿಂದ ಬಂದವನನ್ನು ನಾಟಿ ಕೆಲಸಕ್ಕೆ ಕರೆಯಲೂ ಜನ ಹಿಂದೆಮುಂದೆ ನೋಡುತ್ತಾರೆ. ಅವನ ಮಕ್ಕಳಿಗೂ ಅದೇ ಹೆಸರು ಅಂಟುತ್ತದೆ. ಕೆಲಸವಿಲ್ಲದೆ, ಮಾತಾಡಿಸುವವರಿಲ್ಲದೆ ಉಳಿದವನು ಹಳೆಯ ಗೆಳೆಯರ ಬಳಿಗೇ ಹೋದರೆ ಆಶ್ಚರ್ಯವೇನು? ಕೋರ್ಟು ಕೊಟ್ಟ ಶಿಕ್ಷೆಗೆ ಕೊನೆಯ ದಿನ ಇರುತ್ತದೆ, ಊರು ಕೊಡುವ ಶಿಕ್ಷೆಗೆ ಇರುವುದಿಲ್ಲ. ತಪ್ಪು ದಾರಿ ಹಿಡಿಯುತ್ತಿರುವ ಹುಡುಗನಿಗೆ ಬುದ್ಧಿ ಹೇಳಲು ನಮಗಿಂತ ಅವನೇ ತಕ್ಕವನು. ಅದಕ್ಕೆ ಮೊದಲು ಅವನಿಗೊಂದು ದಿನದ ಕೂಲಿಯನ್ನೂ ಕೂರಲು ಜಾಗವನ್ನೂ ನಾವು ಕೊಡಬೇಕಷ್ಟೆ.