ಕ್ರಿಸ್ಮಸ್‌ಗೆ ಮನೆ ಸೇರದ ವೈದ್ಯ: ಡಾ. ಟಾಮ್ ಡೂಲಿ

ಕ್ರಿಸ್ಮಸ್ ಎಂದರೆ ದೂರದಲ್ಲಿರುವವರೂ ಮನೆ ಸೇರುವ ಹಬ್ಬ. ಅಮೆರಿಕದ ಕಥೋಲಿಕ ವೈದ್ಯ ಡಾ. ಟಾಮ್ ಡೂಲಿಯವರು ಮಾತ್ರ ತಮ್ಮ ಬದುಕಿನ ಕೊನೆಯ ಏಳು ಕ್ರಿಸ್ಮಸ್ ಹಬ್ಬಗಳಲ್ಲಿ ಹೆಚ್ಚಿನವನ್ನು ಏಷ್ಯಾದಲ್ಲಿ ರೋಗಿಗಳ ನಡುವೆ ಕಳೆದರು. ಕೊನೆಯದನ್ನು ತಾವೇ ರೋಗಿಯಾಗಿ ಕಳೆದರು.

ಡೂಲಿಯವರು 1927ರ ಜನವರಿ 17ರಂದು ಸೇಂಟ್ ಲೂಯಿಸ್ ನಗರದ ಅನುಕೂಲಸ್ಥ ಐರಿಷ್ ಕಥೋಲಿಕ ಕುಟುಂಬದಲ್ಲಿ ಜನಿಸಿದರು. ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದರು, ಜನರ ನಡುವೆ ಮಾತಿನ ಮಲ್ಲ. ನೋಟರ್‌ಡೇಮ್ ವಿಶ್ವವಿದ್ಯಾನಿಲಯದಲ್ಲಿ ಓದಿದರು, ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದರು. ಆಮೇಲೆ ಸೇಂಟ್ ಲೂಯಿಸ್‌ನ ಜೆಸ್ವಿತರ ವಿಶ್ವವಿದ್ಯಾನಿಲಯದಲ್ಲಿ 1953ರಲ್ಲಿ ವೈದ್ಯ ಪದವಿ ಪಡೆದರು. ಓದಿನಲ್ಲಿ ಮುಂದಿದ್ದವರಲ್ಲ, ಕೊನೆಯ ವರ್ಷವನ್ನು ಎರಡು ಸಲ ಓದಬೇಕಾಯಿತು.

1954ರ ಜಿನೀವಾ ಒಪ್ಪಂದದಿಂದ ವಿಯೆಟ್ನಾಮ್ ಇಬ್ಭಾಗವಾಯಿತು. ಕಮ್ಯುನಿಸ್ಟರ ವಶವಾದ ಉತ್ತರದಿಂದ ಲಕ್ಷಾಂತರ ಜನರು ದಕ್ಷಿಣಕ್ಕೆ ಹೊರಟರು. ಅವರಲ್ಲಿ ಬಹುಪಾಲು ಕಥೋಲಿಕರು. ಧರ್ಮಗುರುಗಳ ಹಿಂದೆ ಇಡೀ ಊರೇ ಎದ್ದು ಬಂದದ್ದೂ ಉಂಟು. ಅವರನ್ನು ಸಾಗಿಸಲು ಹೋದ ಅಮೆರಿಕದ ಹಡಗೊಂದರಲ್ಲಿ ಡೂಲಿ ವೈದ್ಯರಾಗಿದ್ದರು. ಬಳಿಕ ಅವರನ್ನು ಹೈಫಾಂಗ್ ಬಂದರಿನ ನಿರಾಶ್ರಿತರ ಶಿಬಿರಗಳಿಗೆ ಕಳುಹಿಸಲಾಯಿತು. ಹಡಗು ಹತ್ತುವ ಮೊದಲು ಜನರನ್ನು ಪರೀಕ್ಷಿಸುವುದು, ಡಿಡಿಟಿ ಸಿಂಪಡಿಸುವುದು, ಕುಡಿಯುವ ನೀರು ಶುದ್ಧಗೊಳಿಸುವುದು, ಹುಣ್ಣು ತೊಳೆದು ಕಟ್ಟುವುದು ಅಲ್ಲಿನ ಕೆಲಸ. 1954ರ ಕ್ರಿಸ್ಮಸ್ ಅಲ್ಲೇ ಕಳೆಯಿತು. 1955ರ ಮೇ ತಿಂಗಳಲ್ಲಿ ನಗರ ಕಮ್ಯುನಿಸ್ಟರ ಕೈಸೇರುವವರೆಗೂ ಅವರು ಅಲ್ಲಿದ್ದರು.

ಈ ಅನುಭವದ ಬಗ್ಗೆ ಬರೆದ ಪುಸ್ತಕ 1956ರಲ್ಲಿ ಹೊರಬಂದು ಭಾರೀ ಮಾರಾಟವಾಯಿತು. ಆದರೆ ಅದೇ ವರ್ಷ ನೌಕಾಪಡೆ ಅವರಿಂದ ರಾಜೀನಾಮೆ ಪಡೆಯಿತು. ಅವರು ಸಲಿಂಗಾಕರ್ಷಣೆ ಉಳ್ಳವರೆಂಬ ಗುಪ್ತ ತನಿಖೆಯೇ ಅದಕ್ಕೆ ಕಾರಣ. ಅವರು ಬದುಕಿದ್ದಾಗ ಇದು ಜನರಿಗೆ ತಿಳಿದಿರಲಿಲ್ಲ. ಇಷ್ಟು ಹೆಸರಿದ್ದ ಯುವ ವೈದ್ಯರಿಗೆ ಊರಿನಲ್ಲೇ ಕ್ಲಿನಿಕ್ ತೆರೆದು ಸುಖವಾಗಿರಬಹುದಿತ್ತು. ಅವರು ಆರಿಸಿಕೊಂಡದ್ದು ವಿಯೆಟ್ನಾಮಿನ ಪಕ್ಕದ ಬಡ ರಾಷ್ಟ್ರ ಲಾವೋಸನ್ನು.

ನೌಕಾಪಡೆಯ ಹಳೆಯ ಸಹೋದ್ಯೋಗಿಗಳಾದ ಮೂವರು ಯುವಕರನ್ನು ಕರೆದುಕೊಂಡು ಅವರು ಅದೇ ವರ್ಷ ವಾಂಗ್ ವಿಯೆಂಗ್ ಎಂಬ ಊರಿನಲ್ಲಿ ಚಿಕಿತ್ಸಾಲಯ ತೆರೆದರು. ಮುಂದೆ ಚೀನಾ ಗಡಿಯ ಕಡೆಯ ನಾಮ್ ಥಾ, 1958ರಲ್ಲಿ ಗಡಿಗೆ ತೀರಾ ಹತ್ತಿರದ ಮುವಾಂಗ್ ಸಿಂಗ್. ಮಲೇರಿಯಾ, ಕ್ಷಯ, ಕುಷ್ಠ, ಅಪೌಷ್ಟಿಕತೆ, ಹೆರಿಗೆಯ ತೊಂದರೆ ಎಂದು ಗುಡ್ಡದ ಮೇಲಿನ ಹಳ್ಳಿಗಳಿಂದ ಜನ ನಡೆದೇ ಬರುತ್ತಿದ್ದರು. ಎಕ್ಸ್-ರೇ, ಪ್ರಯೋಗಾಲಯಗಳ ಅನುಕೂಲ ಅಲ್ಲಿರಲಿಲ್ಲ. ಇದು 19ನೆಯ ಶತಮಾನದ ವೈದ್ಯಕೀಯ ಎಂದು ವೃತ್ತಿಬಾಂಧವರು ಟೀಕಿಸಿದಾಗ ಡೂಲಿ ಅದನ್ನು ಅಲ್ಲಗಳೆಯಲಿಲ್ಲ. ತಾವು ಹೋದ ಮೇಲೆ ಸ್ಥಳೀಯರೇ ನಡೆಸಿಕೊಂಡು ಹೋಗುವಂತಹ ಆಸ್ಪತ್ರೆ ಅವರಿಗೆ ಬೇಕಿತ್ತು. ಆದ್ದರಿಂದ ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟರು, ಊರಿನ ಮಂತ್ರವಾದಿಗಳನ್ನೂ ಎದುರು ಹಾಕಿಕೊಳ್ಳಲಿಲ್ಲ. ಯಾರನ್ನೂ ಮತಾಂತರಿಸಲು ಹೋಗಲಿಲ್ಲ. 1958ರಲ್ಲಿ ಡಾ. ಪೀಟರ್ ಕೊಮಾಂಡುರಾಸ್ ಅವರೊಡನೆ ಸ್ಥಾಪಿಸಿದ ಮೆಡಿಕೋ ಸಂಸ್ಥೆಯೂ ಯಾವುದೇ ಧರ್ಮಕ್ಕೆ ಸೀಮಿತವಾಗಿರಲಿಲ್ಲ.

1959ರಲ್ಲಿ ಎದೆಯ ಮೇಲೆ ಗಂಟು ಕಾಣಿಸಿಕೊಂಡಿತು. ಅಲ್ಲಿಗೆ ಬಂದಿದ್ದ ಶಸ್ತ್ರವೈದ್ಯರೊಬ್ಬರು ಅದನ್ನು ತೆಗೆದು ಪರೀಕ್ಷೆಗೆ ಒಯ್ದರು. ಅದು ಮೆಲನೋಮಾ, ಚರ್ಮದ ಕ್ಯಾನ್ಸರುಗಳಲ್ಲೇ ಮಾರಕವಾದದ್ದು. ಆಗಸ್ಟ್‌ನಲ್ಲಿ ನ್ಯೂಯಾರ್ಕಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಕ್ಯಾನ್ಸರ್ ಎಂಬ ಪದವನ್ನೇ ಪಿಸುಮಾತಿನಲ್ಲಿ ಹೇಳುತ್ತಿದ್ದ ಕಾಲವದು. ಡೂಲಿ ತಮ್ಮ ಚಿಕಿತ್ಸೆಯನ್ನು ಟಿವಿಗಾಗಿ ಚಿತ್ರೀಕರಿಸಲು ಒಪ್ಪಿದರು. ಗಾಯ ಮಾಗುತ್ತಿದ್ದಂತೆ ಆಸ್ಪತ್ರೆಗಳಿಗಾಗಿ ಹಣ ಸಂಗ್ರಹಿಸಲು ಊರೂರು ಸುತ್ತಿದರು. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಮತ್ತೆ ಮುವಾಂಗ್ ಸಿಂಗ್ ಸೇರಿದರು. ತಾಯಿ, ಮನೆಯವರು, ಒಳ್ಳೆಯ ಆಸ್ಪತ್ರೆ ಎಲ್ಲವೂ ಅಮೆರಿಕದಲ್ಲಿತ್ತು. ತಮಗೆ ಹೆಚ್ಚು ಕಾಲವಿಲ್ಲವೆಂದು ವೈದ್ಯರಾದ ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅವರ ಮೂರನೆಯ ಪುಸ್ತಕದ ಹೆಸರು ಬಂದದ್ದು ಲಾವೋಸಿನ ಜನ ಬೇಸಾಯಕ್ಕಾಗಿ ಗುಡ್ಡಕ್ಕೆ ಬೆಂಕಿ ಹಚ್ಚುವ ಪದ್ಧತಿಯಿಂದ. ನಮ್ಮ ಘಟ್ಟದ ಬುಡದಲ್ಲಿ ಹಿಂದೆ ಇದನ್ನೇ ಕುಮೇರಿ ಎನ್ನುತ್ತಿದ್ದರು.

1960ರ ಜೂನ್‌ನಲ್ಲಿ ನೋಟರ್‌ಡೇಮ್ ವಿಶ್ವವಿದ್ಯಾನಿಲಯ ಅಧ್ಯಕ್ಷ ಐಸೆನ್‌ಹೋವರ್ ಹಾಗೂ ಮುಂದೆ ಆರನೆಯ ಪೌಲ್ ಪೋಪರಾದ ಕಾರ್ಡಿನಲ್ ಮೊಂಟಿನಿಯವರ ಜೊತೆಗೆ ಡೂಲಿಯವರಿಗೂ ಗೌರವ ಪದವಿ ನೀಡಿತು. ವರ್ಷಾಂತ್ಯಕ್ಕೆ ರೋಗ ಬೆನ್ನುಮೂಳೆಗೆ ಇಳಿದಿತ್ತು. ಡಿಸೆಂಬರ್ 2ರಂದು ಹಾಂಗ್‌ಕಾಂಗಿನ ಆಸ್ಪತ್ರೆಯಿಂದ ಅವರು ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ವಂದನೀಯ ಫಾದರ್ ಹೆಸ್ಬರ್ಗ್ ಅವರಿಗೆ ಪತ್ರ ಬರೆದರು. ವಿದ್ಯಾರ್ಥಿಯಾಗಿದ್ದಾಗ ಪ್ರಾರ್ಥಿಸುತ್ತಿದ್ದ ಲೂರ್ದು ಮಾತೆಯ ಗವಿಯನ್ನು ನೆನೆದು, ಈಗ ಅಲ್ಲಿಗೆ ಹೋಗಿ ಪ್ರಾರ್ಥಿಸುವ ಹಂಬಲವನ್ನು ಅದರಲ್ಲಿ ತೋಡಿಕೊಂಡರು. ಆ ಕ್ರಿಸ್ಮಸ್ ಬ್ಯಾಂಕಾಕಿನಲ್ಲಿ ಹಾಸಿಗೆಯಲ್ಲೇ ಕಳೆಯಿತು. ಅಲ್ಲಿಂದ ನ್ಯೂಯಾರ್ಕಿಗೆ ಕರೆತರಲಾಯಿತು. 34 ವರ್ಷ ತುಂಬಿದ ಮರುದಿನ, 1961ರ ಜನವರಿ 18ರಂದು ಅವರು ದೇವಾಧೀನರಾದರು.

ಮುಂದಿನ ವರ್ಷ ಅಧ್ಯಕ್ಷ ಕೆನಡಿಯವರು ಅಮೆರಿಕದ ಸಂಸತ್ತಿನ ಚಿನ್ನದ ಪದಕವನ್ನು ಅವರ ತಾಯಿಯ ಕೈಗಿತ್ತರು. 1970ರ ದಶಕದಲ್ಲಿ ಅವರನ್ನು ಸಂತ ಪದವಿಗೆ ಏರಿಸಬೇಕೆಂದು ಫಾದರ್ ಮೇನಾರ್ಡ್ ಕೆಗ್ಲರ್ ಎಂಬ ಧರ್ಮಗುರುಗಳು ಶ್ರಮಿಸಿದರು. ದಾಖಲೆಗಳನ್ನು ಹುಡುಕುವಾಗ, ಲಾವೋಸಿನ ಜನಾಭಿಪ್ರಾಯ ಹಾಗೂ ಸೇನಾ ಚಲನವಲನಗಳ ಮಾಹಿತಿಯನ್ನು ಡೂಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ನೀಡುತ್ತಿದ್ದರೆಂಬುದು ಅದೇ ಧರ್ಮಗುರುಗಳಿಗೆ ಸಿಕ್ಕಿತು. ಮೊದಲ ಪುಸ್ತಕದಲ್ಲಿ ಬರೆದ ಕೆಲವು ಕ್ರೌರ್ಯದ ಪ್ರಸಂಗಗಳಿಗೆ ಆಧಾರವಿಲ್ಲವೆಂದು ಅಮೆರಿಕದ ಅಧಿಕಾರಿಗಳೇ ಹೇಳಿದ್ದರು. ಪ್ರಚಾರದ ಆಸೆಯೂ ಅವರಿಗೆ ಕಡಿಮೆ ಇರಲಿಲ್ಲ. ಇವನ್ನೆಲ್ಲ ಮುಚ್ಚಿಟ್ಟು ಅವರ ಜೀವನ ಬರೆಯುವುದು ಸರಿಯಲ್ಲ. ಹಾಗೆಯೇ ಮುವಾಂಗ್ ಸಿಂಗ್‌ನ ರೋಗಿಗಳನ್ನು ಮರೆತು ಬರೆಯುವುದೂ ಸರಿಯಲ್ಲ. ಸಂತ ಪದವಿಯ ಪ್ರಯತ್ನ ಮುಂದುವರಿಯಲಿಲ್ಲ. ನೋಟರ್‌ಡೇಮ್‌ನ ಗವಿಯ ಬಳಿ ಲಾವೋಸಿನ ಇಬ್ಬರು ಮಕ್ಕಳೊಂದಿಗೆ ನಿಂತ ಅವರ ಪ್ರತಿಮೆಯಿದೆ. ಹಾಂಗ್‌ಕಾಂಗಿನಿಂದ ಬರೆದ ಆ ಪತ್ರದ ಪ್ರತಿಯನ್ನೂ ಅಲ್ಲೇ ಇರಿಸಿದ್ದಾರೆ.